ಚಳಿಗಾಲ, ಡೀಸೆಲ್ ಮತ್ತು ಸೀಸೆಯ ಔಷಧಿ

ಕಳೆದ ಮಾರ್ಗಶಿರದಲ್ಲಿ, ಅಡಿಕೆ ಸುಲಿತ ಭರದಿಂದ ನಡೆದಿದ್ದ ದಿನಗಳಲ್ಲಿ, ಸಂಘದ ಮಾರಾಟ ಮಳಿಗೆಗೆ ಬಂದ ಸದಸ್ಯರಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದರು. ನ್ಯಾಮತಿ ಕಡೆಯ ಹಿರಿಯ ಸದಸ್ಯರೊಬ್ಬರು ಕೇಳಿದ ರೀತಿಯಲ್ಲೇ ಬರೆಯುವುದಾದರೆ: "ಏನು ಸೆಕ್ರೆಟರಿಗಳೇ, ಚಳಿಗೆ ಡೀಸೆಲ್ ಗಟ್ಟಿಯಾಗದ ಹಂಗೆ ಮಾಡೋ ಔಷಧಿ ಬಂದೈತಂತೆ. ಊರೂರಿಗೆ ತಂದು ಮಾರ್ತಾ ಇದಾರೆ. ನಮ್ಮ ಸಂಘದಾಗೆ ಯಾಕೆ ತರಿಸಿಲ್ಲ?"

ಪ್ರಶ್ನೆ ನ್ಯಾಯವಾದದ್ದೇ. ಹೊರ ಊರಿನ ವ್ಯಾಪಾರಿಯೊಬ್ಬರು ನಮ್ಮ ಕಚೇರಿಗೂ ಬಂದು, ಪೆಟ್ಟಿಗೆಗಟ್ಟಲೆ ಕೊಂಡರೆ ಒಳ್ಳೆಯ ಕಮಿಷನ್ ಉಂಟೆಂದು ಹೇಳಿಹೋಗಿದ್ದರು. ಒಂದು ಸೀಸೆಯ ಬೆಲೆಗೆ ನಾಲ್ಕೈದು ಲೀಟರ್ ಡೀಸೆಲ್ಲೇ ಬರುತ್ತದೆ. ಆದರೆ ಸುಲಿತದ ದಿನ ಎಂಜಿನ್ ಕೈಕೊಟ್ಟರೆ ಆಗುವ ನಷ್ಟದ ಮುಂದೆ ಆ ಬೆಲೆ ಏನೂ ಅಲ್ಲ ಎಂಬುದೂ ನಿಜ. ಗೊನೆ ಇಳಿದಿರುತ್ತದೆ, ಆಳುಗಳು ಬಂದು ಕುಳಿತಿರುತ್ತಾರೆ, ಹಂಡೆಯಲ್ಲಿ ಚೊಗರು ಕಾಯುತ್ತಿರುತ್ತದೆ, ಸುಲಿಯುವ ಮೆಷಿನ್ ಮಾತ್ರ ತಿರುಗುವುದಿಲ್ಲ. ಅಂಥ ಬೆಳಗ್ಗೆ ಯಾರಾದರೂ ಸೀಸೆ ಹಿಡಿದು ಬಂದರೆ ಬೆಲೆ ಕೇಳುವ ತಾಳ್ಮೆ ಯಾರಿಗಿರುತ್ತದೆ? ನಮಗೂ ಇರಲಿಲ್ಲ. ಅದಕ್ಕೆ ಹಿಂದಿನ ವರ್ಷ ನಾವೇ ಒಂದು ಸೀಸೆ ಕೊಂಡು ನಮ್ಮ ಎಂಜಿನ್ನಿಗೆ ಸುರಿದವರು. ಆ ಕಥೆ ಮುಂದೆ ಬರುತ್ತದೆ.

ಮೊದಲು, ಡೀಸೆಲ್ ಗಟ್ಟಿಯಾಗುವುದು ಎಂದರೇನು ಎಂಬುದನ್ನು ನೋಡೋಣ. ಡೀಸೆಲ್ ಒಂದೇ ಪದಾರ್ಥವಲ್ಲ. ಅದರಲ್ಲಿ ಹಗುರ ಎಣ್ಣೆಯಿಂದ ಹಿಡಿದು ಮೇಣದ ಜಾತಿಯ ಭಾರದ ಎಣ್ಣೆಯವರೆಗೆ ನೂರಾರು ಪದಾರ್ಥಗಳು ಬೆರೆತಿವೆ. ಈ ಮೇಣ ಬೆಚ್ಚಗಿರುವಷ್ಟು ಕಾಲ ಕರಗಿ ಕಣ್ಣಿಗೆ ಕಾಣದಂತಿರುತ್ತದೆ. ಚಳಿ ಏರಿದಂತೆ ಮೊದಲು ಡೀಸೆಲ್ ಮಂಜು ಕವಿದಂತೆ ಮಬ್ಬಾಗುತ್ತದೆ. ಇನ್ನೂ ತಣ್ಣಗಾದರೆ ಮೇಣದ ಹರಳುಗಳು ಫಿಲ್ಟರಿನ ಸೂಕ್ಷ್ಮ ರಂಧ್ರಗಳಿಗೆ ಮೆತ್ತಿಕೊಂಡು ಎಣ್ಣೆ ಹರಿಯದಂತೆ ಮಾಡುತ್ತವೆ. ಅದಕ್ಕೂ ಕೆಳಗೆ ಹೋದರೆ ಟ್ಯಾಂಕಿನಲ್ಲಿರುವ ಡೀಸೆಲ್ಲೇ ಗಂಜಿಯ ಹಾಗೆ ನಿಂತುಬಿಡುತ್ತದೆ. ಇಡೀ ಡೀಸೆಲ್ ಗಟ್ಟಿಯಾಗಬೇಕೆಂದೇನೂ ಇಲ್ಲ. ನೂರರಲ್ಲಿ ಒಂದೆರಡು ಪಾಲು ಮೇಣ ಹರಳುಗಟ್ಟಿದರೆ ಸಾಕು, ಉಳಿದದ್ದನ್ನೆಲ್ಲ ಅದು ತನ್ನ ಬಲೆಯೊಳಗೆ ಹಿಡಿದಿಟ್ಟುಕೊಳ್ಳುತ್ತದೆ.

ಈ ಸಂಗತಿ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಸುಮಾರು 24 ಡಿಗ್ರಿಗೆ ಗಟ್ಟಿಯಾಗುವ ಕೊಬ್ಬರಿ ಎಣ್ಣೆಯ ಡಬ್ಬಿಯನ್ನು ಧನುರ್ಮಾಸದಲ್ಲಿ ಒಲೆಯ ಪಕ್ಕ ಇಡುವುದು ಪ್ರತಿ ಮನೆಯಲ್ಲೂ ನಡೆಯುವ ಕೆಲಸ. ಸಂಶಯವೇ ಹುಟ್ಟುವುದು ಅಲ್ಲಿಂದ ಎಂದು ನಮಗೆ ತೋರುತ್ತದೆ. ಕೊಬ್ಬರಿ ಎಣ್ಣೆ ಗಟ್ಟಿಯಾದ ಬೆಳಗ್ಗೆಯೇ ಟಿಲ್ಲರ್ ಸ್ಟಾರ್ಟ್ ಆಗದಿದ್ದರೆ, ಟಿಲ್ಲರಿನ ಎಣ್ಣೆಗೂ ಅದೇ ಗತಿ ಆಗಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಲೆಕ್ಕ ಬೇರೆ. ಭಾರತೀಯ ಮಾನಕದಲ್ಲಿ, ಅಂದರೆ ಐ.ಎಸ್. 1460ರಲ್ಲಿ, ಡೀಸೆಲ್ ಎಷ್ಟು ಡಿಗ್ರಿ ಚಳಿಯವರೆಗೆ ಫಿಲ್ಟರಿನಲ್ಲಿ ಸಲೀಸಾಗಿ ಹರಿಯಬೇಕು ಎಂಬುದಕ್ಕೆ ಮಿತಿ ಇದೆ. ಬೇಸಿಗೆಯ ಡೀಸೆಲ್ಲಿಗೆ 18 ಡಿಗ್ರಿ ಸೆಂಟಿಗ್ರೇಡ್, ಚಳಿಗಾಲದ ಡೀಸೆಲ್ಲಿಗೆ 6 ಡಿಗ್ರಿ. ಇವು ಮೀರಬಾರದ ಮಿತಿಗಳು. ಬಂಕಿಗೆ ಬರುವ ಮಾಲು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿಯೇ ಇರುತ್ತದೆ. ಚನ್ನಗಿರಿ, ಹೊನ್ನಾಳಿಗಳಲ್ಲಿ ಬೆಳಗಿನ ಜಾವ ಹತ್ತು ಹನ್ನೆರಡು ಡಿಗ್ರಿಗೆ ಇಳಿಯಿತೆಂದರೆ ಅದೇ ಒಂದು ಸುದ್ದಿ. ಆದ್ದರಿಂದ ಡಿಸೆಂಬರಿನಲ್ಲಿ ಬಂಕಿನಿಂದ ತಂದ ಡೀಸೆಲ್ ನಮ್ಮ ನಾಲ್ಕು ತಾಲ್ಲೂಕುಗಳ ಯಾವ ಮೂಲೆಯಲ್ಲೂ ಮೇಣಗಟ್ಟುವ ಸಂಭವವಿಲ್ಲ.

ಇಲ್ಲೊಂದು ಮಾತನ್ನು ಸೇರಿಸಬೇಕು. ಮೇಲಿನ 18 ಮತ್ತು 6 ಡಿಗ್ರಿಗಳ ಅಂತರವನ್ನು ಗಮನಿಸಿರಿ. ಏಪ್ರಿಲ್, ಮೇ ತಿಂಗಳಲ್ಲಿ ತುಂಬಿಸಿಟ್ಟ ಡ್ರಮ್ಮಿನ ಡೀಸೆಲ್ ಬೇಸಿಗೆಯ ಮಾಲು. ಅದನ್ನೇ ಡಿಸೆಂಬರಿನವರೆಗೆ ಇಟ್ಟುಕೊಂಡರೆ, ತುಂಬ ಚಳಿಯ ಒಂದು ಬೆಳಗ್ಗೆ ಅದು ಸ್ವಲ್ಪ ಮಬ್ಬಾಗುವುದು ಅಸಾಧ್ಯವೇನಲ್ಲ. ಇದಕ್ಕೆ ಔಷಧಿ ಬೇಡ. ಹಳೆಯ ಡೀಸೆಲ್ಲನ್ನು ದೀಪಾವಳಿಗೆ ಮೊದಲೇ ಖರ್ಚು ಮಾಡಿ ಹೊಸದನ್ನು ತಂದರೆ ಸಾಕು.

ಡೀಸೆಲ್ ನಿಜವಾಗಿಯೂ ಗಟ್ಟಿಯಾಗುವ ಊರುಗಳು ನಮ್ಮ ದೇಶದಲ್ಲಿವೆ. ಲಡಾಖ್, ಕಾರ್ಗಿಲ್, ಹಿಮಾಚಲದ ಕಾಜಾ, ಕೇಲಾಂಗ್ ಮುಂತಾದ ಕಡೆ ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ. ಅಲ್ಲಿ ಲಾರಿಯವರು ಬೆಳಗ್ಗೆ ಟ್ಯಾಂಕಿನ ಕೆಳಗೆ ಬೆಂಕಿ ಮಾಡಿ ಕಾಯಿಸುವುದುಂಟು. ಎಷ್ಟು ಅಪಾಯದ ಕೆಲಸವೆಂದು ಹೇಳಬೇಕಾಗಿಲ್ಲ. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆಯವರು ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಿಸಿದ ವಿಶೇಷ ಚಳಿಗಾಲದ ಡೀಸೆಲ್ಲನ್ನು 2019ರ ನವೆಂಬರಿನಲ್ಲಿ ಬಿಡುಗಡೆ ಮಾಡಿದರು. ಅದು ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುವ ಗುಣದ್ದು.

ಹಾಗಾದರೆ ಸೀಸೆಯಲ್ಲಿರುವುದು ಮೋಸವೇ? ಅಲ್ಲ. ಚಳಿ ದೇಶಗಳಲ್ಲಿ ಇಂಥ ಔಷಧಿಗಳು ಬಹುಕಾಲದಿಂದ ಬಳಕೆಯಲ್ಲಿವೆ, ಕೆಲಸವನ್ನೂ ಮಾಡುತ್ತವೆ. ಆದರೆ ಅವು ಮೇಣವನ್ನು ಕರಗಿಸುವುದಿಲ್ಲ. ತುಪ್ಪವನ್ನು ನೆನೆಯಿರಿ. ಹದವಾಗಿ ಆರಿದ ತುಪ್ಪ ಮರಳು ಮರಳಾಗಿ ಚಮಚಕ್ಕೆ ಸಿಗುತ್ತದೆ, ಇನ್ನೊಂದು ಹದದಲ್ಲಿ ಆರಿದ್ದು ಹಲಗೆಯಂತೆ ಕೂರುತ್ತದೆ. ತುಪ್ಪ ಒಂದೇ, ಹರಳು ಬೇರೆ. ಸೀಸೆಯ ಔಷಧಿಯೂ ಮೇಣದ ಹರಳುಗಳು ದೊಡ್ಡ ಹಾಳೆಗಳಾಗಿ ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳದಂತೆ ತಡೆದು, ಸಣ್ಣ ಸಣ್ಣ ಹರಳುಗಳಾಗಿಯೇ ಉಳಿಸುತ್ತದೆ. ಆಗ ಮೇಣ ಇದ್ದರೂ ಎಣ್ಣೆ ಫಿಲ್ಟರನ್ನು ದಾಟುತ್ತದೆ. ಈ ಕಾರಣದಿಂದಲೇ ಡೀಸೆಲ್ ಬೆಚ್ಚಗಿರುವಾಗ, ಹರಳು ಹುಟ್ಟುವ ಮೊದಲೇ ಇದನ್ನು ಬೆರೆಸಿರಬೇಕು. ಗಟ್ಟಿಯಾದ ಮೇಲೆ ಟ್ಯಾಂಕಿಗೆ ಸುರಿದರೆ ಪ್ರಯೋಜನವಿಲ್ಲ. ಪ್ರಮಾಣ ಹೆಚ್ಚು ಮಾಡಿದರೆ ಗುಣ ಹೆಚ್ಚುವುದೂ ಇಲ್ಲ. ನಮ್ಮಲ್ಲಿ ಮಾರುತ್ತಿದ್ದವರು "ಬೆಳಗ್ಗೆ ಸ್ಟಾರ್ಟ್ ಆಗದಿದ್ದರೆ ಎರಡು ಮುಚ್ಚಳ ಹಾಕಿ" ಎಂದು ಹೇಳಿಕೊಡುತ್ತಿದ್ದರು. ಮಾಲು ಒಳ್ಳೆಯದೇ ಇರಬಹುದು, ಉಪದೇಶ ಮಾತ್ರ ತಲೆಕೆಳಗು.

ಈಗ ನಮ್ಮ ಕಥೆ. ಸುಲಿಯುವ ಮೆಷಿನ್ನಿಗೆ ಕಟ್ಟಿದ ನಮ್ಮ ಒಂಟಿ ಸಿಲಿಂಡರಿನ ಎಂಜಿನ್ ಸತತ ಮೂರು ದಿನ ಬೆಳಗ್ಗೆ ಹಠ ಮಾಡಿತು. ಹ್ಯಾಂಡಲ್ ಹೊಡೆದು ಹೊಡೆದು ಆಳುಗಳ ರೆಟ್ಟೆ ಸೋತಿತು. ಸೀಸೆ ಕೊಂಡು ತಂದು ಸುರಿದೆವು. ಹತ್ತು ಗಂಟೆಗೆ ಬಿಸಿಲೇರಿದ ಮೇಲೆ ಎಂಜಿನ್ ಹತ್ತಿತು, ಔಷಧಿಯ ಮಹಿಮೆ ಎಂದುಕೊಂಡೆವು. ಮಾರನೆಯ ಬೆಳಗ್ಗೆ ಮತ್ತೆ ಅದೇ ಹಾಡು. ಕೊನೆಗೆ ಬಂದ ಮೆಕ್ಯಾನಿಕ್ ಹುಡುಗ ಹೆಚ್ಚು ಮಾತನಾಡದೆ ಫಿಲ್ಟರಿನ ಬಟ್ಟಲನ್ನು ಬಿಚ್ಚಿ ನಮ್ಮ ಕೈಗೇ ಕೊಟ್ಟ. ತಳದಲ್ಲಿ ಎರಡು ಬೆರಳಿನಷ್ಟು ನೀರು, ಅದರ ಮೇಲೆ ಕಂದು ಬಣ್ಣದ ಲೋಳೆ. "ಯಜಮಾನ್ರೇ, ಡೀಸೆಲ್ ಗಟ್ಟಿಯಾಗಿಲ್ಲ, ನಿಮ್ಮ ಡ್ರಮ್ಮು ಮಳೇಲಿ ನೆಂದೈತೆ" ಎಂದ.

ಹೋಗಿ ನೋಡಿದರೆ ನಿಜ. ಡ್ರಮ್ಮನ್ನು ಕೊಟ್ಟಿಗೆಯ ಸೂರಿನಂಚಿಗೆ ನೇರವಾಗಿ ನಿಲ್ಲಿಸಿದ್ದೆವು. ಮಳೆನೀರು ಮೇಲಿನ ತಟ್ಟೆಯಲ್ಲಿ ನಿಲ್ಲುತ್ತದೆ. ಹಗಲು ಕಾದ ಡ್ರಮ್ಮು ರಾತ್ರಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಬಿರಟೆಯ ಸಂದಿನಿಂದ ಆ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ. ಮಳೆಯೇ ಬೇಕೆಂದಿಲ್ಲ; ಅರ್ಧ ಖಾಲಿ ಇರುವ ಟ್ಯಾಂಕಿನಲ್ಲಿ ರಾತ್ರಿಯ ತೇವವೂ ಹನಿಗಟ್ಟುತ್ತದೆ. ನೀರು ಭಾರವಾದ್ದರಿಂದ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತವೆ. ಡ್ರಮ್ಮನ್ನು ಮಲಗಿಸಿ, ಎರಡು ಬಿರಟೆಗಳೂ ಎಡಬಲದಲ್ಲಿ ಒಂದೇ ಮಟ್ಟಕ್ಕೆ ಬರುವಂತೆ ಇಟ್ಟರೆ, ಅಥವಾ ನೀರು ಬಿರಟೆಯ ಹತ್ತಿರ ನಿಲ್ಲದಂತೆ ಸ್ವಲ್ಪ ಓರೆಯಾಗಿ ನಿಲ್ಲಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕೆಲಸ ಮುಗಿದ ಸಂಜೆಯೇ ಟ್ಯಾಂಕ್ ತುಂಬಿಸಿಡುವುದೂ ಒಳ್ಳೆಯ ಅಭ್ಯಾಸ.

ಚಳಿಯ ಬೆಳಗ್ಗೆ ಎಂಜಿನ್ ಹಠ ಮಾಡಲು ಇನ್ನೂ ಕಾರಣಗಳಿವೆ. ತಣ್ಣಗಾದ ಬ್ಯಾಟರಿಗೆ ಬಲ ಕಡಿಮೆ. ಎಂಜಿನ್ ಆಯಿಲ್ 40ನೇ ನಂಬರಿನದಾದರೆ ಚಳಿಗೆ ಮಂದವಾಗಿ, ಹ್ಯಾಂಡಲ್ ಎಳೆಯುವುದೇ ಕಷ್ಟ. ತಯಾರಕರ ಪುಸ್ತಕ ಒಪ್ಪಿದರೆ 15ಡಬ್ಲ್ಯು-40 ಹಾಕುವುದು ಲೇಸು. ಹೀಟರ್ ಪ್ಲಗ್ ಸತ್ತಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು. ಇವು ಯಾವುವೂ ಸೀಸೆಯಿಂದ ವಾಸಿಯಾಗುವ ಕಾಯಿಲೆಗಳಲ್ಲ.

ಸಂಶಯವಿದ್ದವರು ಪೈಸೆ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಬಹುದು. ತಿಳಿ ಗಾಜಿನ ಸೀಸೆಯಲ್ಲಿ ತಮ್ಮ ಡ್ರಮ್ಮಿನ ತಳದ ಡೀಸೆಲ್ ತುಂಬಿ, ಬಿಗಿಯಾಗಿ ಮುಚ್ಚಿ, ಒಂದು ರಾತ್ರಿ ಅಂಗಳದಲ್ಲಿಟ್ಟು ಬೆಳಗಿನ ಜಾವ ನೋಡಿರಿ. ಪೂರ್ತಿ ಮಬ್ಬಾಗಿದ್ದು, ಬಿಸಿಲಿಗೆ ಹಿಡಿದಾಗ ತಿಳಿಯಾದರೆ ಮೇಣವಿರಬಹುದು. ತಳದಲ್ಲಿ ಬೇರೆಯಾಗಿ ನಿಂತು, ಅಲ್ಲಾಡಿಸಿದಾಗ ಗುಂಡಾಗಿ ಉರುಳಿದರೆ ಅದು ನೀರು. ನಾವು ಪುಷ್ಯದಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಎಣ್ಣೆ ಬೆಳ್ಳಗೆ ಕಲ್ಲಾಗಿತ್ತು. ಡೀಸೆಲ್ ತಿಳಿಯಾಗಿತ್ತು, ತಳದಲ್ಲಿ ದ್ರಾಕ್ಷಿಯಷ್ಟು ನೀರಿನ ಗುಂಡು.

ಜಗಳೂರು ಕಡೆಯ ಸದಸ್ಯರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ಹೊಂಗೆ ಮರಗಳುಂಟು, ಹೊಂಗೆಯಿಂದ ಎಂಜಿನ್ ಓಡಿಸುವ ವಿಚಾರವನ್ನು ಕೇಳಿದವರೂ ಉಂಟು. ವಿಚಾರ ಹೊಸದೇನಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ನಮ್ಮ ರಾಜ್ಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಗಾಗಿ ಬಹಳ ದುಡಿದರು; ದಾಂಡೇಲಿಯ ಫೆರೋ ಅಲಾಯ್ಸ್ ಕಾರ್ಖಾನೆಯಲ್ಲಿ ಜನರೇಟರುಗಳು ಹೊಂಗೆ ಎಣ್ಣೆಯಿಂದ ಓಡಿದವು. ಮುಂದೆ ಸರ್ಕಾರದ 'ಬರಡು ಬಂಗಾರ', 'ಹಸಿರು ಹೊನ್ನು' ಯೋಜನೆಗಳು ಬಂದವು. ನಮಗೆ ಈ ಪ್ರಯತ್ನಗಳ ಬಗ್ಗೆ ಗೌರವವಿದೆ. ಆದರೆ ಚಳಿಯ ಪ್ರಶ್ನೆ ನಮ್ಮ ನಾಡಿನಲ್ಲಿ ನಿಜವಾಗಿ ಏಳುವುದು ಇಲ್ಲಿಯೇ. ಹೊಂಗೆ ಎಣ್ಣೆ ಡೀಸೆಲ್ಲಿಗಿಂತ ಎಷ್ಟೋ ಪಾಲು ಮಂದ, ಚಳಿಗೆ ಇನ್ನಷ್ಟು ಮಂದ. ಹಿಪ್ಪೆ ಎಣ್ಣೆಯಂತೂ ಚಳಿಗಾಲದಲ್ಲಿ ಬೆಣ್ಣೆಯಂತಾಗುತ್ತದೆ. ಮೆಥನಾಲ್ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿದ ಜೈವಿಕ ಡೀಸೆಲ್ ಎಷ್ಟೋ ತೆಳುವಾದರೂ, ಸಾಮಾನ್ಯ ಡೀಸೆಲ್ಲಿಗಿಂತ ಬೇಗ ಮಬ್ಬಾಗುವ ಸ್ವಭಾವದ್ದು. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ 2005ರಲ್ಲಿ ಎಲ್ಲ ಡೀಸೆಲ್ಲಿಗೂ ನೂರಕ್ಕೆ ಎರಡರಂತೆ ಇದನ್ನು ಬೆರೆಸಲು ಕಾನೂನು ಮಾಡಿದರು. ಮೊದಲ ಚಳಿಗಾಲದಲ್ಲೇ ಲಾರಿಗಳ ಫಿಲ್ಟರ್ ಕಟ್ಟಿಕೊಂಡು, ಸ್ವಲ್ಪ ಕಾಲ ಆ ಕಾನೂನನ್ನೇ ತಡೆಹಿಡಿಯಬೇಕಾಯಿತು. ಸರಿಯಾಗಿ ಶುದ್ಧಿಯಾಗದ ಮಾಲು ಸೇರಿದ್ದು ಅದಕ್ಕೆ ಕಾರಣವೆಂದು ಕಂಡುಬಂತು. ಅವರು 2018ರಿಂದ ಬೇಸಿಗೆಯಲ್ಲಿ ನೂರಕ್ಕೆ ಇಪ್ಪತ್ತು, ಚಳಿಗಾಲದಲ್ಲಿ ನೂರಕ್ಕೆ ಐದು ಎಂಬ ಕ್ರಮ ಇಟ್ಟುಕೊಂಡರು. ಗಾಣದಿಂದ ತಂದ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿಯುವವರು ಇದನ್ನು ಯೋಚಿಸಬೇಕು.

ಸೀಮೆಎಣ್ಣೆ ಬೆರೆಸುವ ಹಳೆಯ ರೂಢಿಯೂ ಕೆಲವರಲ್ಲಿದೆ. ಚಳಿ ದೇಶಗಳಲ್ಲಿ ಹಾಗೆ ಬೆರೆಸುವುದು ಉಂಟು, ಮೇಣ ತೆಳುವಾಗುವುದೂ ನಿಜ. ಆದರೆ ಸೀಮೆಎಣ್ಣೆಗೆ ಜಿಡ್ಡು ಕಡಿಮೆ. ಎಂಜಿನ್ನಿನ ಎಣ್ಣೆ ಪಂಪು ತನ್ನಲ್ಲಿ ಹರಿಯುವ ಡೀಸೆಲ್ಲಿನ ಜಿಡ್ಡಿನಿಂದಲೇ ಸವೆಯದೆ ಉಳಿಯಬೇಕು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದ ಬಿ.ಎಸ್. 6 ಡೀಸೆಲ್ಲಿನಲ್ಲಿ ಗಂಧಕವನ್ನು ಹತ್ತು ಲಕ್ಷ ಭಾಗದಲ್ಲಿ 10 ಭಾಗಕ್ಕೆ ಇಳಿಸಿರುವುದರಿಂದ ಅದರ ಸಹಜ ಜಿಡ್ಡು ಮೊದಲೇ ಕಡಿಮೆಯಾಗಿ, ಸಂಸ್ಕರಣಾಗಾರದಲ್ಲೇ ಲೆಕ್ಕ ಹಾಕಿ ಜಿಡ್ಡಿನ ದ್ರವ್ಯ ಸೇರಿಸುತ್ತಾರೆ. ಅದರ ಮೇಲೆ ಸೀಮೆಎಣ್ಣೆ ಹಾಕಿದರೆ ಪಂಪು ಹಾಳು. ಕಾನೂನಿನ ಪ್ರಕಾರ ಕಲಬೆರಕೆಯೆಂದೂ ಆಗುತ್ತದೆ.

ಸೀಸೆಯ ವಿಚಾರ ಸ್ವಲ್ಪವಾದರೂ ಅನ್ವಯಿಸುವುದು ಸ್ವಂತ ಲಾರಿ ಇಟ್ಟುಕೊಂಡು ಅಡಿಕೆಯನ್ನು ಉತ್ತರ ಭಾರತಕ್ಕೆ ಸಾಗಿಸುವ ನಮ್ಮ ಕೆಲವೇ ಸದಸ್ಯರಿಗೆ. ಜನವರಿಯಲ್ಲಿ ದೆಹಲಿಯ ರಾತ್ರಿ ಮೂರು ನಾಲ್ಕು ಡಿಗ್ರಿಗೆ ಇಳಿಯುವುದುಂಟು. ಇಲ್ಲಿ ತುಂಬಿದ ಡೀಸೆಲ್ಲನ್ನು ದಾರಿಯಲ್ಲೇ ಖರ್ಚು ಮಾಡಿ, ಅಲ್ಲಿಯ ಬಂಕಿನ ಚಳಿಗಾಲದ ಮಾಲು ಹಾಕಿಸಲು ಡ್ರೈವರಿಗೆ ಹೇಳಿದರೆ ಸಾಕು. ಅಲ್ಲಿಂದಲೂ ಮುಂದೆ ಹಿಮದ ನಾಡಿಗೆ ಬಾಡಿಗೆ ಹಿಡಿಯುವುದಾದರೆ ಮಾತ್ರ, ಸ್ಥಳೀಯ ಲಾರಿಯವರು ಬಳಸುವ ಡೀಸೆಲ್ಲನ್ನೂ ಔಷಧಿಯನ್ನೂ ಕೇಳಿ ತಿಳಿದು ಬಳಸಲಿ.

ಹೀಗಾಗಿ ಆ ಸೀಸೆಗಳನ್ನು ಸಂಘದ ಮಳಿಗೆಗೆ ತರಿಸಲಿಲ್ಲ. ಕಮಿಷನ್ ತಪ್ಪಿತೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು ಆಕ್ಷೇಪಿಸಿದರು, ಅದೂ ನಡಾವಳಿಯಲ್ಲಿ ದಾಖಲಾಗಿದೆ. ಅದರ ಬದಲು ಡೀಸೆಲ್ ಫಿಲ್ಟರುಗಳನ್ನೂ, ನೀರು ಸೋಸುವ ಜಾಲರಿಯುಳ್ಳ ಆಲಿಕೆಗಳನ್ನೂ ತರಿಸಲಾಗಿದೆ.

ಕಾಫಿ ತೋಟವುಳ್ಳ ಸದಸ್ಯರು ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರಿಗೆಂದು ಇಟ್ಟ ಎಂಜಿನ್ನನ್ನು ಫೆಬ್ರವರಿಯಲ್ಲಿ ಹೊರಗೆ ತೆಗೆಯುತ್ತಾರೆ. ಹಿಂದಿನ ಬೇಸಿಗೆಯಿಂದ ಮಳೆಗಾಲ ಪೂರ್ತಿ ಅದು ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತದೆ. ಅವರು ಹ್ಯಾಂಡಲ್ಲಿಗೆ ಕೈ ಹಾಕುವ ಮೊದಲು ಟ್ಯಾಂಕಿನ ತಳದ ತಿರುಪನ್ನು ಬಿಚ್ಚಿ, ಮೊದಲ ಎರಡು ಲೀಟರನ್ನು ಗಾಜಿನ ಪಾತ್ರೆಗೆ ಹಿಡಿದು ನೋಡಲಿ.