ಓದುವವರಿಗೆ ಸಂಬಳ ಕೊಡುವ ಊರು ಲುಂಡ್

ಬೇಸಿಗೆಯ ಮಧ್ಯಾಹ್ನ ಸೈಟಿನಲ್ಲೋ ಆಫೀಸಿನಲ್ಲೋ ನಾವು ಸ್ಟ್ರಾ ಚುಚ್ಚಿ ಕುಡಿಯುವ ಜ್ಯೂಸಿನ ಡಬ್ಬಿಯ ಮೇಲೆ ಟೆಟ್ರಾ ಪ್ಯಾಕ್ ಎಂಬ ಹೆಸರು ಕಂಡಿರುತ್ತೇವೆ. ಆ ಕಂಪನಿ 1951ರಲ್ಲಿ ಶುರುವಾದದ್ದು ಸ್ವೀಡನ್ನಿನ ದಕ್ಷಿಣ ತುದಿಯಲ್ಲಿರುವ ಲುಂಡ್‌ನಲ್ಲಿ. ಊರಿಗೆ ಫೋನ್ ಮಾಡುವಾಗ ನಾವು ಬಳಸುವ ಬ್ಲೂಟೂತ್ ತಂತ್ರಜ್ಞಾನ ರೂಪುಗೊಂಡದ್ದು 1990ರ ದಶಕದಲ್ಲಿ, ಅದೇ ಊರಿನ ಎರಿಕ್ಸನ್ ಕಚೇರಿಯಲ್ಲಿ. 1996ರಲ್ಲಿ ಮೊದಲ ನೆಟ್‌ವರ್ಕ್ ಕ್ಯಾಮೆರಾ ಮಾರುಕಟ್ಟೆಗೆ ತಂದ ಆಕ್ಸಿಸ್ ಕಂಪನಿಯೂ ಅಲ್ಲಿಯದೇ. ಇಷ್ಟು ಸಣ್ಣ ಊರಿನಿಂದ ಇಷ್ಟೆಲ್ಲ ಬರಲು ಒಂದು ಮುಖ್ಯ ಕಾರಣ 1666ರಲ್ಲಿ ಸ್ಥಾಪನೆಯಾದ ಲುಂಡ್ ವಿಶ್ವವಿದ್ಯಾಲಯ.

ಇಂದು ಆ ವಿಶ್ವವಿದ್ಯಾಲಯದಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧನೆ ಜೋರಾಗಿ ನಡೆದಿದೆ. ಮಕ್ಕಳು ಹನ್ನೆರಡನೇ ತರಗತಿ ಮುಗಿಸುವ ಹೊತ್ತಿಗೆ 'ಮುಂದೇನು' ಎಂಬ ಚಿಂತೆ ಗಲ್ಫ್‌ನಲ್ಲಿರುವ ನಮ್ಮೆಲ್ಲರ ಮನೆಗೂ ಬರುತ್ತದೆ. ಹಾಗಾಗಿ ಆ ಸಂಶೋಧನೆಗೆ ಹಣ ಎಲ್ಲಿಂದ ಬರುತ್ತದೆ, ಓದುವವರಿಗೆ ಏನು ಸಿಗುತ್ತದೆ ಎಂಬುದನ್ನು ನಾವು ತಿಳಿದಿರುವುದು ಒಳ್ಳೆಯದು.

ಪ್ರತಿಷ್ಠಾನದ ಹಣ, ಹಲವು ವಿಶ್ವವಿದ್ಯಾಲಯಗಳ ಶಾಲೆ

ಸ್ವೀಡನ್ನಿನ ವಾಲೆನ್‌ಬರ್ಗ್ ಎಂಬ ಬ್ಯಾಂಕಿಂಗ್ ಮನೆತನದ ಕ್ನೂಟ್ ಮತ್ತು ಆಲಿಸ್ ದಂಪತಿ 1917ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನವೊಂದನ್ನು ಕಟ್ಟಿದರು. ಅದರ ಬಂಡವಾಳ ಕಂಪನಿಗಳಲ್ಲಿ ಹೂಡಿಕೆಯಾಗಿರುತ್ತದೆ. ಅದರಿಂದ ಬರುವ ಆದಾಯ ಸಂಶೋಧನೆಗೂ ಶಿಕ್ಷಣಕ್ಕೂ ಹೋಗುತ್ತದೆ. ಈ ಪ್ರತಿಷ್ಠಾನದ ನೆರವಿನಿಂದ 2015ರಲ್ಲಿ 'ವಾಸ್ಪ್' ಎಂಬ ಕಾರ್ಯಕ್ರಮ ಆರಂಭವಾಯಿತು. ಕೃತಕ ಬುದ್ಧಿಮತ್ತೆ, ಸ್ವಯಂಚಾಲಿತ ವ್ಯವಸ್ಥೆಗಳು ಮತ್ತು ಸಾಫ್ಟ್‌ವೇರ್ ಅದರ ವಿಷಯಗಳು. ಕಾರ್ಯಕ್ರಮದ ಕೇಂದ್ರ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯ. ಲುಂಡ್ ಮೊದಲಿನಿಂದಲೂ ಅದರ ಪಾಲುದಾರ.

ಒಂದೊಂದು ವಿಶ್ವವಿದ್ಯಾಲಯವೂ ಪ್ರತ್ಯೇಕವಾಗಿ ಎಲ್ಲ ವಿಷಯಗಳಿಗೂ ತಜ್ಞರನ್ನು ಹೊಂದಿಸಿಕೊಳ್ಳುವುದು ಕಷ್ಟ. ಆದ್ದರಿಂದ ವಾಸ್ಪ್ ಎಲ್ಲರಿಗೂ ಸೇರಿ ಒಂದು ಸಂಶೋಧನಾ ಶಾಲೆ ನಡೆಸುತ್ತದೆ. ವಿದ್ಯಾರ್ಥಿ ಲುಂಡ್‌ನಲ್ಲೇ ದಾಖಲಾಗಿರುತ್ತಾನೆ, ಲುಂಡ್‌ನ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲೇ ಕೆಲಸ ಮಾಡುತ್ತಾನೆ. ಆದರೆ ಕೋರ್ಸುಗಳನ್ನು ಬೇರೆ ಊರುಗಳ ವಿದ್ಯಾರ್ಥಿಗಳ ಜೊತೆ ಸೇರಿ ಕಲಿಯುತ್ತಾನೆ. 600ಕ್ಕೂ ಹೆಚ್ಚು ಪಿಎಚ್‌ಡಿ ಪದವೀಧರರನ್ನು ತಯಾರು ಮಾಡುವುದು ಕಾರ್ಯಕ್ರಮದ ಗುರಿ. ಅವರಲ್ಲಿ ಕನಿಷ್ಠ 150 ಮಂದಿ ಕಂಪನಿಯ ನೌಕರರಾಗಿದ್ದುಕೊಂಡೇ ಪಿಎಚ್‌ಡಿ ಮಾಡುವವರು. ದೊಡ್ಡ ಲೆಕ್ಕಾಚಾರಗಳಿಗೆಂದು ಅದೇ ಪ್ರತಿಷ್ಠಾನದ ಹಣದಿಂದ 2021ರಲ್ಲಿ ಲಿನ್‌ಶೋಪಿಂಗ್‌ನಲ್ಲಿ 'ಬೆರ್ಜೆಲಿಯಸ್' ಎಂಬ ಸೂಪರ್‌ಕಂಪ್ಯೂಟರ್ ಕೆಲಸ ಶುರುಮಾಡಿತು.

ವಿದ್ಯಾರ್ಥಿಯೂ ನೌಕರನೇ

ದುಡಿದು ತಿನ್ನುವ ನಮಗೆ ಎಲ್ಲಕ್ಕಿಂತ ಹಿಡಿಸುವ ವಿಷಯ ಬೇರೆಯೇ ಇದೆ. ಸ್ವೀಡನ್ನಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ನೌಕರ. ಅವನಿಗೆ ಶುಲ್ಕವಿಲ್ಲ, ತಿಂಗಳ ಸಂಬಳವಿದೆ. ರಜೆ, ಕಾಯಿಲೆ ರಜೆ, ಮಗು ಹುಟ್ಟಿದರೆ ಪೋಷಕರ ರಜೆ ಎಲ್ಲವೂ ಉಂಟು. ಕಾರ್ಮಿಕ ಸಂಘಕ್ಕೂ ಸೇರಬಹುದು. ಅವಧಿ ನಾಲ್ಕು ವರ್ಷ. ಜೊತೆಗೆ ಪಾಠ ಹೇಳುವ ಕೆಲಸವಿದ್ದರೆ ಐದರವರೆಗೆ ಹೋಗುತ್ತದೆ. ಕೊನೆಯಲ್ಲಿ ಒಂದು ಚೆಂದದ ಸಂಪ್ರದಾಯವೂ ಇದೆ. ಬಹಿರಂಗ ವಾದಕ್ಕೆ ಕೆಲವು ವಾರ ಮೊದಲು ವಿದ್ಯಾರ್ಥಿ ತನ್ನ ಪ್ರಬಂಧವನ್ನು ಎಲ್ಲರಿಗೂ ಕಾಣುವ ಹಲಗೆಗೆ ಸುತ್ತಿಗೆಯಿಂದ ಮೊಳೆ ಹೊಡೆದು ತೂಗುಹಾಕುತ್ತಾನೆ. ಯಾರು ಬೇಕಾದರೂ ಓದಬಹುದು, ಪ್ರಶ್ನೆ ಕೇಳಲು ಬರಬಹುದು.

ಈ ಸ್ಥಾನಗಳನ್ನು ನೌಕರಿಯಂತೆಯೇ ಪ್ರಕಟಿಸುತ್ತಾರೆ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಖಾಲಿ ಹುದ್ದೆಗಳ ಪಟ್ಟಿಯಿರುತ್ತದೆ. ಅರ್ಜಿಗೆ ಶುಲ್ಕವಿಲ್ಲ, ನಡುವೆ ಏಜೆಂಟನೂ ಬೇಕಿಲ್ಲ. ವೀಸಾಕ್ಕೆಂದು ಏಜೆಂಟನ ಕೈಗೆ ದುಡ್ಡು ಸುರಿದು ವಿಮಾನ ಹತ್ತಿದವರು ನಮ್ಮಲ್ಲಿ ಎಷ್ಟೋ ಮಂದಿ. 'ಪಿಎಚ್‌ಡಿ ಸೀಟು ಕೊಡಿಸುತ್ತೇನೆ, ಇಷ್ಟು ಕೊಡಿ' ಎನ್ನುವವನು ಸಿಕ್ಕರೆ ನಾವು ಒಂದು ಫಿಲ್ಸ್ ಕೂಡ ಕೊಡಬಾರದು.

ಆದರೆ ಒಂದು ಎಚ್ಚರಿಕೆ. ಪಿಎಚ್‌ಡಿಗೆ ಸಂಬಳ ಉಂಟೆಂದು ಅಲ್ಲಿ ಎಲ್ಲ ಓದೂ ಉಚಿತ ಎಂದುಕೊಳ್ಳಬಾರದು. 2011ರಿಂದ ಯುರೋಪಿನ ಹೊರಗಿನವರು ಪದವಿಗೂ ಸ್ನಾತಕೋತ್ತರ ಓದಿಗೂ ಶುಲ್ಕ ಕಟ್ಟಬೇಕು, ಆ ಶುಲ್ಕ ಸಣ್ಣದಲ್ಲ. ಪಿಎಚ್‌ಡಿ ಹುದ್ದೆಗೆ ಸ್ನಾತಕೋತ್ತರ ಮಟ್ಟದ ಓದು ಬೇಕು, ಬರೇ ಬಿ.ಟೆಕ್ ಸಾಮಾನ್ಯವಾಗಿ ಸಾಲದು. ಹುದ್ದೆಗಳು ಕಡಿಮೆ, ಪೈಪೋಟಿ ಹೆಚ್ಚು. ಗಣಿತ ಗಟ್ಟಿಯಾಗಿರಬೇಕು.

ದಾರಿ ಊರಲ್ಲೂ ಇದೆ, ಇಲ್ಲೂ ಇದೆ

ಹಾಗಾದರೆ ಸ್ನಾತಕೋತ್ತರ ಓದನ್ನು ಸಾಲವಿಲ್ಲದೆ ಮುಗಿಸುವುದು ಹೇಗೆ? ಒಂದು ದಾರಿ ಊರಲ್ಲೇ ಇದೆ. ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಥವಾ ಸುರತ್ಕಲ್‌ನ ಎನ್‌ಐಟಿಯಂಥ ಕಡೆ ಎಂ.ಟೆಕ್ ಸೇರಿದವರಿಗೆ ತಿಂಗಳ ಸಹಾಯಧನ ಸಿಗುವ ವ್ಯವಸ್ಥೆಯಿದೆ. ಇನ್ನೊಂದು ದಾರಿ ನಾವಿರುವ ಕೊಲ್ಲಿಯಲ್ಲೇ ಇದೆ. ಅಬುಧಾಬಿಯಲ್ಲಿ 2019ರಲ್ಲಿ ಸ್ಥಾಪನೆಯಾದ ಮೊಹಮ್ಮದ್ ಬಿನ್ ಜಾಯೆದ್ ಕೃತಕ ಬುದ್ಧಿಮತ್ತೆ ವಿಶ್ವವಿದ್ಯಾಲಯ, ಜೆದ್ದಾ ಸಮೀಪದ ಥುವಲ್‌ನಲ್ಲಿ 2009ರಲ್ಲಿ ತೆರೆದ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯ, ಎರಡೂ ತಾವು ಆರಿಸಿಕೊಂಡ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುವುದಕ್ಕೆ ಹೆಸರಾಗಿವೆ. ಅರ್ಜಿ ಹಾಕುವ ವರ್ಷದ ನಿಯಮವನ್ನು ಅವರವರ ಜಾಲತಾಣದಲ್ಲೇ ನೋಡಿಕೊಳ್ಳಬೇಕು.

ನಮ್ಮ ನಾಡೂ ಸುಮ್ಮನೆ ಕುಳಿತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ, ಕೇಂದ್ರ ಮತ್ತು ಕರ್ನಾಟಕ ಸರ್ಕಾರಗಳ ನೆರವಿನಿಂದ 'ಆರ್ಟ್‌ಪಾರ್ಕ್' ಎಂಬ ಲಾಭರಹಿತ ಸಂಸ್ಥೆ ನಡೆಯುತ್ತಿದೆ. ಗೂಗಲ್ ಜೊತೆಗೂಡಿದ 'ವಾಣಿ' ಯೋಜನೆಯಲ್ಲಿ ಅದು ಜಿಲ್ಲೆ ಜಿಲ್ಲೆಯ ಜನರ ಮಾತನ್ನು ದಾಖಲಿಸುತ್ತಿದೆ. ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ ಕಂಪ್ಯೂಟರಿಗೆ ಅರ್ಥವಾಗಬೇಕಾದರೆ ಆ ಮಾತು ಬಲ್ಲ ಸಂಶೋಧಕರು ಬೇಕು. ಅವರು ನಮ್ಮ ಮನೆಗಳಿಂದಲೇ ಬರಬೇಕು.

ಲುಂಡ್‌ನಿಂದ ನಾವು ಕಲಿಯಬೇಕಾದದ್ದು ಇಷ್ಟೇ. ಸಂಶೋಧನೆಯೂ ದುಡಿಮೆ, ಅದಕ್ಕೆ ಕೂಲಿ ಸಲ್ಲಬೇಕು. ಆ ಲೆಕ್ಕ ತಿಳಿದ ಮನೆಯವರು ಮಗನ ಅಥವಾ ಮಗಳ ಓದಿಗೆಂದು ಊರಿನ ತೋಟ ಅಡವಿಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಇದು ಶುಲ್ಕ ಕಟ್ಟುವ ಓದೋ, ಸಂಬಳ ಬರುವ ಓದೋ? ಈ ಓದು ಮುಂದಿನ ಮೆಟ್ಟಿಲಿಗೆ ಅರ್ಹತೆ ಕೊಡುತ್ತದೆಯೋ? ಅರ್ಜಿ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆಯೋ? ನಮ್ಮ ಸಂಘದ ಮುಂದಿನ ಕೂಟಗಳಲ್ಲಿ ಊಟದ ನಂತರ ಒಂದರ್ಧ ಗಂಟೆ ಈ ಮಾತಿಗೂ ಇಟ್ಟುಕೊಳ್ಳೋಣ. ಹತ್ತನೇ ತರಗತಿಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳೋಣ.