ಅಮ್ಮನಿಗೆ ಬರೀ ಗ್ಯಾಸ್ಟ್ರಿಕ್ ಅಂದವರು ಯಾರು?

ನಮ್ಮ ಸಿನಿಮಾಗಳಲ್ಲಿ ಹಾರ್ಟ್ ಅಟ್ಯಾಕ್ ಆಗೋದು ಯಾರಿಗೆ? ಅಪ್ಪನಿಗೆ. ಮಗಳು ಮನೆ ಬಿಟ್ಟು ಹೋದ ಸುದ್ದಿ ಬರುತ್ತೆ, ಅಪ್ಪ ಎದೆ ಹಿಡಿದುಕೊಂಡು ಸೋಫಾ ಮೇಲೆ ಕುಸೀತಾರೆ, ಅಮ್ಮ ಪಕ್ಕದಲ್ಲಿ ‘ರೀ...’ ಅಂತ ಕಿರುಚ್ತಾರೆ. ಆ ಅಮ್ಮನಿಗೇ ಹೃದಯಾಘಾತ ಆದ ದೃಶ್ಯವೊಂದನ್ನು ನೆನಪು ಮಾಡಿಕೊಳ್ಳಿ ನೋಡೋಣ. ಕಷ್ಟ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ನಮ್ಮನ್ನು ಬಿಟ್ಟು ಹೋದಾಗ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗಲೂ ಅದೇ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದದ ಸಾಲು. ಒಳ್ಳೆಯದೇ. ಆದರೆ ಎಷ್ಟು ಜನ ತಮ್ಮ ಜೊತೆ ಅಮ್ಮನನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋದರು ಅನ್ನೋದು ನನ್ನ ಪ್ರಶ್ನೆ. ಯಾಕಂದ್ರೆ ಜಗತ್ತಿನಲ್ಲಿ ಸಾಯುವ ಪ್ರತಿ ಮೂವರು ಮಹಿಳೆಯರಲ್ಲಿ ಸುಮಾರು ಒಬ್ಬರನ್ನು ಬಲಿ ತೆಗೆದುಕೊಳ್ಳುವುದು ಹೃದಯ ಮತ್ತು ರಕ್ತನಾಳದ ಕಾಯಿಲೆ. ಸ್ತನ ಕ್ಯಾನ್ಸರ್‌ಗಿಂತ ಎಷ್ಟೋ ಪಟ್ಟು ಹೆಚ್ಚು.

ಹೆಂಗಸರಿಗೂ ಎದೆನೋವು ಬಂದೇ ಬರುತ್ತೆ, ಬರಲ್ಲ ಅಂತಲ್ಲ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ ಸೆಳೆತ, ಬೆನ್ನುನೋವು, ಉಸಿರುಕಟ್ಟುವುದು, ವಾಂತಿ, ತಣ್ಣನೆಯ ಬೆವರು, ಏಕಾಏಕಿ ಬರುವ ವಿಪರೀತ ಸುಸ್ತು ಕಾಣಿಸಿಕೊಳ್ಳಬಹುದು. ಇದನ್ನು ನಮ್ಮ ಮನೆಗಳಲ್ಲಿ ಏನಂತಾರೆ? ಗ್ಯಾಸ್ಟ್ರಿಕ್. ಒಂದು ಲೋಟ ಜೀರಿಗೆ ಕಷಾಯ, ಒಂದು ಮಾತ್ರೆ. ಅಮ್ಮನೂ ಅದನ್ನೇ ಹೇಳ್ತಾರೆ, ‘ಏನಿಲ್ಲಪ್ಪ, ಮಲಗಿದ್ರೆ ಸರಿಹೋಗುತ್ತೆ’. ಮರುದಿನದ ತಿಂಡಿಗೆ ಹಿಟ್ಟು ರುಬ್ಬಬೇಕಲ್ಲ! ಅಷ್ಟರಲ್ಲಿ ಒಳಗೆ ರಕ್ತನಾಳ ಮುಚ್ಚಿಕೊಂಡು, ರಕ್ತ ಸಿಗದ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಇರುತ್ತೆ. ಸತ್ತ ಸ್ನಾಯು ಮತ್ತೆ ಮೊದಲಿನಂತಾಗುವುದಿಲ್ಲ.

ಮನೆಯವರನ್ನಷ್ಟೇ ಬೈದು ಪ್ರಯೋಜನವಿಲ್ಲ. ಅಮೆರಿಕದ ಹೃದ್ರೋಗ ತಜ್ಞೆ ಬರ್ನಡಿನ್ ಹೀಲಿ 1991ರಲ್ಲೇ ವೈದ್ಯ ಲೋಕಕ್ಕೆ ಇದನ್ನು ನೇರವಾಗಿ ಹೇಳಿದ್ದರು: ಹೆಂಗಸಿನ ಹೃದಯರೋಗ ಗಂಡಸಿನ ಥರ ಕಾಣಿಸಿದರೆ ಮಾತ್ರ ಅವಳಿಗೆ ಗಂಡಸಿಗೆ ಸಿಗುವಷ್ಟು ಚಿಕಿತ್ಸೆ ಸಿಗುತ್ತೆ ಅಂತ. ಎಷ್ಟೋ ಹೃದಯ ಸಂಶೋಧನೆಗಳು ನಡೆದದ್ದೇ ಗಂಡಸರ ಮೇಲೆ.

ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಹಾರ್ಮೋನು ಒಂದಿಷ್ಟು ರಕ್ಷಣೆ ಕೊಡುತ್ತೆ, ಆಮೇಲೆ ಅದೂ ಇಲ್ಲ. ಶುಗರ್ ಇದ್ದರಂತೂ ಹೃದಯದ ಅಪಾಯ ಗಂಡಸರಿಗೆ ಏರುವುದಕ್ಕಿಂತ ಹೆಂಗಸರಿಗೆ ಹೆಚ್ಚು ಏರುತ್ತೆ. ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಬಸುರಿಯಾಗಿದ್ದಾಗ ಬಿಪಿ ಏರಿತ್ತು, ಶುಗರ್ ಬಂದಿತ್ತು, ಹೆರಿಗೆಯಾದ ಮೇಲೆ ಸರಿಹೋಯ್ತು ಅಂತ ಮರೆತುಬಿಡ್ತೀವಲ್ಲ, ಅದು ಮುಂದಿನ ಹೃದಯದ ಕಾಯಿಲೆಗೆ ಮುನ್ಸೂಚನೆ. ಇಪ್ಪತ್ತು ವರ್ಷ ಹಿಂದಿನದ್ದಾದರೂ ಡಾಕ್ಟರಿಗೆ ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು.

ಈಗ ನಮ್ಮ ರಾಜ್ಯದಲ್ಲಿ ಪುನೀತ್ ಅವರ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ಇದೆ. ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸ್ತಾರೆ, ಅಗತ್ಯ ಬಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಆದರೆ ಆ ಇಂಜೆಕ್ಷನ್ ಎಷ್ಟು ಬೇಗ ಸಿಗುತ್ತೋ ಅಷ್ಟು ಲಾಭ. ರಾತ್ರಿ ಹತ್ತಕ್ಕೆ ಶುರುವಾದ ಸಂಕಟಕ್ಕೆ ಬೆಳಗ್ಗೆ ಹೋದರೆ ಅದರ ಕೆಲಸ ಎಷ್ಟೋ ಕಮ್ಮಿ. ಅದಕ್ಕೇ ಅಮ್ಮ ಬೇಡ ಅಂದರೂ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ‘ಗ್ಯಾಸ್ಟ್ರಿಕ್ ಇರಬೇಕು’ ಅಂದರೆ, ‘ಸರ್, ಒಂದು ಇಸಿಜಿ ತೆಗೀರಿ’ ಅಂತ ನೀವೇ ಕೇಳಿ. ಮೊದಲ ಇಸಿಜಿ ಸರಿಯಿದ್ದೂ ಸಂಕಟ ನಿಲ್ಲದಿದ್ದರೆ ಇನ್ನೊಂದು ಇಸಿಜಿ, ಜೊತೆಗೆ ಟ್ರೋಪೋನಿನ್ ಅನ್ನೋ ರಕ್ತ ಪರೀಕ್ಷೆ ಮಾಡಿಸಿಕೊಂಡೇ ಮನೆಗೆ ಬನ್ನಿ.