ಓಲೆಯ ಅಲಂಕಾರವೂ ಓದಿನ ಸೌಲಭ್ಯವೂ

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಹೊಯ್ಸಳ ವಿಷ್ಣುವರ್ಧನನ ಹೆಸರಿನೊಡನೆ ಬೆಸೆದುಕೊಂಡ ಸ್ಥಳ. ಅಲ್ಲಿಯ ನಂಬಿನಾರಾಯಣ ದೇವಾಲಯದಲ್ಲಿ ಬೇಲೂರಿನ ಕುಸುರಿಗೆಲಸವಿಲ್ಲ. ಕಣಶಿಲೆಯ ಸರಳವಾದ ಕಟ್ಟಡವದು. ಒಬ್ಬನೇ ಅರಸನ ಕಾಲಕ್ಕೆ ಸೇರುವ ಈ ಎರಡು ರೀತಿಗಳನ್ನು ಕಂಡವರಿಗೆ ಒಂದು ಪ್ರಶ್ನೆ ಮೂಡುವುದು ಸಹಜ: ಓದುವುದಕ್ಕೆಂದೇ ಬರೆಯಿಸಿದ ಗ್ರಂಥದಲ್ಲಿ ಅಲಂಕಾರಕ್ಕೆ ಎಷ್ಟು ಎಡೆ ಸಲ್ಲಬೇಕು?

ಇದಕ್ಕೆ ಉತ್ತರವನ್ನು ಮೂಡಬಿದಿರೆಯ ಸಿದ್ಧಾಂತ ಬಸದಿಯ ಓಲೆಗಳಲ್ಲಿ ಹುಡುಕಬಹುದು. ವೀರಸೇನಾಚಾರ್ಯರ ಧವಳಾ ಟೀಕೆಯ ಪ್ರತಿಯನ್ನು ದೇಮಿಯಕ್ಕನು ಬರೆಯಿಸಿ, ಶ್ರುತಪಂಚಮೀ ವ್ರತದ ಉದ್ಯಾಪನೆಯಲ್ಲಿ ಶುಭಚಂದ್ರ ಸಿದ್ಧಾಂತದೇವರಿಗೆ ದಾನವಿತ್ತಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಮಾಘನಂದಿಗಳಿಗೆ ಅರ್ಪಿಸಿದಳು. ಧವಳಾ ಪ್ರತಿಯು 12ನೆಯ ಶತಮಾನದ ಆದಿಭಾಗದ್ದು. ಕೆಲವು ಓಲೆಗಳಲ್ಲಿ ತೀರ್ಥಂಕರರು, ಯಕ್ಷಿಯರು, ಶ್ರುತದೇವಿ, ಉಪದೇಶ ಮಾಡುವ ಮುನಿಗಳು, ಕೈಮುಗಿದ ಭಕ್ತರು ಕಾಣುತ್ತಾರೆ. ಗಮನಿಸಬೇಕಾದದ್ದು ಚಿತ್ರಗಳ ಸ್ಥಾನ. ಅವು ಓಲೆಯ ತುದಿಗಳಲ್ಲಿಯೋ ನಡುವೆಯೋ ಬಿಟ್ಟ ತೆರಪಿನಲ್ಲಿವೆ. ಅಕ್ಷರದ ಪಙ್ಕ್ತಿಯ ಮೇಲೆ ಬಣ್ಣ ಏರಿಲ್ಲ. ಚಿತ್ರವಿರುವ ಓಲೆಗಳೂ ಕೆಲವೇ. ಉಳಿದವೆಲ್ಲ ಬರಿಯ ಪಾಠ. ಗುಣಸ್ಥಾನ, ಮಾರ್ಗಣಾಸ್ಥಾನಗಳ ಲೆಕ್ಕವನ್ನು ಹಿಡಿದು ಸಾಗುವ ಓದುಗನಿಗೆ ಒಂದಂಕೆ ತಪ್ಪಿದರೂ ಅರ್ಥ ಕೆಡುತ್ತದೆ. ಬರೆಯಿಸಿದವರು ಇದನ್ನು ಬಲ್ಲವರೇ ಆಗಿದ್ದರೆಂದು ತೋರುತ್ತದೆ.

ಪಶ್ಚಿಮ ಭಾರತದ ಕಾಗದದ ಕಲ್ಪಸೂತ್ರಗಳಲ್ಲಿ ಬೇರೆ ದಾರಿಯುಂಟು. 15ನೆಯ ಶತಮಾನದ ಉತ್ತರಾರ್ಧದ ದೇವಸಾನೋ ಪಾಡೋ ಪ್ರತಿಯ ಅಂಚುಗಳು ನರ್ತಕಿಯರಿಂದಲೂ ಬಳ್ಳಿಗಳಿಂದಲೂ ತುಂಬಿವೆ. ಕೆಂಪು, ನೀಲಿ ನೆಲದ ಮೇಲೆ ಚಿನ್ನ, ಬೆಳ್ಳಿಯ ಮಸಿಗಳಿಂದ ಬರೆಯಿಸುವುದು ಆ ಶ್ರೀಮಂತ ಶ್ರಾವಕರಿಗೆ ಪ್ರಿಯವಾಗಿತ್ತು. ನೋಟಕ್ಕೆ ಅದು ರಮ್ಯವೇ. ಆದರೆ ಬೆಳ್ಳಿ ಕಾಲಕ್ರಮದಲ್ಲಿ ಕಪ್ಪಾಗುತ್ತದೆ, ಗಾಢವಾದ ನೆಲದ ಮೇಲೆ ಅಕ್ಷರ ಅಡಗುತ್ತದೆ. ತಾಮ್ರದ ಹಸಿರು ಬಣ್ಣ ಕಾಗದವನ್ನೇ ತಿನ್ನುವುದುಂಟು. ಅಲಂಕಾರಕ್ಕೆ ಮಾಡಿದ ವೆಚ್ಚವೇ ಪಾಠಕ್ಕೆ ಕುತ್ತಾಗುವ ಪರಿ ಇದು.

ಕನ್ನಡ ಲಿಪಿಕಾರರೂ ಈ ದೋಷದಿಂದ ಪೂರ್ಣ ಮುಕ್ತರಲ್ಲ. ಹೊಯ್ಸಳ ಶಾಸನಗಳಲ್ಲಿ ಮೇಲಿನ ಸಾಲಿನ ಸ್ವರಚಿಹ್ನೆಗಳನ್ನು ಬಳುಕಿಸಿ ಎಳೆಯುವ ಹವ್ಯಾಸವಿತ್ತು. ಮಕಾರ, ವಕಾರಗಳು ಹತ್ತಿರ ಬಂದೆಡೆ ಆ ಬಳುಕು ಓದುಗನ ಸಂಶಯವನ್ನು ಹೆಚ್ಚಿಸುತ್ತದೆ. ಕಂಠದಿಂದ ಕೊರೆದ ಸಾಮಾನ್ಯ ಓಲೆಯಲ್ಲಿ ಇಂಥ ಬೆಡಗಿಗೆ ಆಸ್ಪದ ಕಡಿಮೆ. ಆದರೆ ಮಸಿ ಪೂಸದಿದ್ದರೆ ಅದೂ ಓದಲು ಕಷ್ಟ.

ಇನ್ನೊಂದು ಮಾತು, ತುಸು ಕಹಿಯಾದುದು. ಧವಳಾದ ಅಕ್ಷರಗಳು ಸ್ಪಷ್ಟವಾಗಿದ್ದರೂ ಶತಮಾನಗಳ ಕಾಲ ಆ ಗ್ರಂಥ ದರ್ಶನಕ್ಕೆ ಮಾತ್ರ ಒದಗಿತು, ಅಧ್ಯಯನಕ್ಕೆ ಒದಗಲಿಲ್ಲ. ಪೂಜ್ಯತೆಯೇ ಅದನ್ನು ಉಳಿಸಿತು, ಪೂಜ್ಯತೆಯೇ ಅದನ್ನು ಮುಚ್ಚಿಯೂ ಇಟ್ಟಿತು. ಡಾ. ಹೀರಾಲಾಲ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ 1939ರಲ್ಲಿ ಅಚ್ಚಾದ ಮೇಲೆ ಆ ಪಾಠ ವಿದ್ವಾಂಸರ ಕೈಗೆ ಬಂದಿತು. ಆ ಮುದ್ರಿತ ಪುಟಗಳಲ್ಲಿ ಮೂಲದ ಚಿತ್ರದ ವೈಭವವಿಲ್ಲ.

ಈಚಿನ ಚಿತ್ರಸಂಪುಟಗಳಲ್ಲಿ ಇದಕ್ಕೆ ವಿಪರೀತವಾದ ಪದ್ಧತಿ ಕಾಣುತ್ತದೆ. ವರ್ಣಚಿತ್ರದ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದಾಗಿಸಿ ಅಚ್ಚುಮಾಡುತ್ತಾರೆ. ಪಕ್ಕದ ಅಕ್ಷರಗಳು ಅರ್ಧಕ್ಕೆ ತುಂಡಾಗುತ್ತವೆ, ಓಲೆಯ ಅಂಕಿಯೂ ತಪ್ಪಿಹೋಗುತ್ತದೆ. ಯಾವ ಸೂತ್ರದ ವ್ಯಾಖ್ಯಾನದ ಬಳಿ ಆ ಯಕ್ಷಿ ಕುಳಿತಿದ್ದಾಳೆಂಬುದು ಆಗ ತಿಳಿಯುವುದಿಲ್ಲ. ಓಲೆಯನ್ನು ತುದಿಯಿಂದ ತುದಿಗೆ, ಅಳತೆಯ ಪಟ್ಟಿಯೊಡನೆ, ಚಿತ್ರವಿಲ್ಲದ ಹಿಂಬದಿಯನ್ನೂ ಸೇರಿಸಿ ತೆಗೆಯುವುದಕ್ಕೆ ಹೆಚ್ಚಿನ ಶ್ರಮವೇನೂ ಬೇಡ.